ರೈ ಮಲಗಿಸುವ ಮುನ್ನ

ಲವೊನ್ ಸ್ಟೆನ್ಸ್‌ರುಡ್, ಚೀಸ್ ಫ್ಯಾಕ್ಟರಿಯೊಂದರ ಹಾಲಿನ ಲಾರಿ ಓಡಿಸುತ್ತಿದ್ದವಳು. ವಿಸ್ಕಾನ್ಸಿನ್‌ನ ನಮ್ಮ ಭಾಗದಲ್ಲಿ ರಸ್ತೆಗಳು ಗುಡ್ಡದ ನೆತ್ತಿ ಹತ್ತಿ ಮತ್ತೆ ಕಣಿವೆಗೆ ಇಳಿಯುತ್ತವೆ. ಹಿಮ ಬಿದ್ದ ಬೆಳಗ್ಗೆ ಲಾರಿಯನ್ನು ದಾರಿಯಲ್ಲೇ ಬಿಟ್ಟು ಮನೆಗೆ ನಡೆದುಹೋದ ಗಂಡಸರಿದ್ದಾರೆ. ಅವಳು ಬಿಟ್ಟದ್ದನ್ನು ನಾನು ಕೇಳಿಲ್ಲ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ "ಪುರುಸೊತ್ತಾಗ್ಲಿಲ್ಲ" ಎನ್ನುತ್ತಿದ್ದಳು. ನಿವೃತ್ತಳಾದ ಮೇಲೆ ಅವಳಿಗೆ ಉಳಿದ ಚಟವೆಂದರೆ ನವೆಂಬರಿನ ಬೇಟೆ.

ಅವಳ ಅಪ್ಪ ಸೆಲ್ಮರ್ ಹೊಗೆಸೊಪ್ಪು ಬೆಳೆಯುತ್ತಿದ್ದ ಇಳಿಜಾರು ತಾಕು ಅವಳ ಪಾಲಿಗೆ ಬಂದಿತ್ತು. ಅಲ್ಲಿ ಅವಳು ಜಿಂಕೆಗಳ ಮೇವಿಗೆಂದು ಕ್ಲೋವರ್ ಹುಲ್ಲು, ಬಕ್‌ವೀಟ್ ಎಂಬ ಕಾಳಿನ ಪೈರು ಹಾಕುತ್ತಿದ್ದಳು. ನಮ್ಮಲ್ಲಿ ಬೇಟೆಯಾಡುವವರೆಲ್ಲ ಇಂಥದ್ದೊಂದು ತಾಕು ಇಟ್ಟುಕೊಂಡಿರುತ್ತಾರೆ. ಅವಳ ನೆಲವನ್ನು ಉಳುವಂತಿರಲಿಲ್ಲ. ನೇಗಿಲು ತಾಗಿಸಿದರೆ ಮೊದಲ ಜೋರು ಮಳೆಗೇ ಮಣ್ಣೆಲ್ಲ ಹಳ್ಳದ ಪಾಲು. ಹಾಗಾಗಿ ಉಳದೆಯೇ ಬಿತ್ತುತ್ತಿದ್ದಳು. ಉಳದ ನೆಲದಲ್ಲಿ ಕಳೆಯದೇ ಕಾರುಬಾರು. ಅವಳ ತಮ್ಮ ಮೈಲೊ ಪ್ರತಿ ವಸಂತದಲ್ಲೂ ತನ್ನ ನಾಲ್ಕು ಚಕ್ರದ ಬೈಕಿಗೆ ಟ್ಯಾಂಕು ಕಟ್ಟಿಕೊಂಡು ಬಂದು ಕಳೆನಾಶಕ ಹೊಡೆದುಕೊಡುತ್ತಿದ್ದ. ಕೆಲವು ವರ್ಷ ಕಂಡದ್ದೆಲ್ಲ ಸತ್ತಿತು. ಆಮೇಲೆ ಕುದುರೆಬಾಲ ಎಂದು ನಾವು ಕರೆಯುವ ಕಳೆ ಆ ಔಷಧಕ್ಕೆ ಒಗ್ಗಿಕೊಂಡಿತು. ಮೈಲೊ ಎರಡು ಪಟ್ಟು ಹೊಡೆದ. ಅಕ್ಕಪಕ್ಕದ ಹುಲ್ಲೆಲ್ಲ ಕರಕಲಾಯಿತು, ಕುದುರೆಬಾಲ ಆಳೆತ್ತರ ಬೆಳೆದು ಹೂಬಿಟ್ಟಿತು.

"ಇನ್ನು ಸಾಕು ಬಿಡೋ," ಎಂದಳು ಲವೊನ್. "ನೀನು ಅದಕ್ಕೆ ಔಷಧ ಹೊಡೀತಿಲ್ಲ, ಟಾನಿಕ್ ಕುಡಿಸ್ತಿದೀಯ."

ಆ ಸೆಪ್ಟೆಂಬರಿನಲ್ಲಿ ಅವಳು ತಾಕಿನ ತುಂಬ ಒತ್ತಾಗಿ ರೈ ಚೆಲ್ಲಿದಳು. ಗೋಧಿಯ ಜಾತಿಯ ಈ ಪೈರು ಹಿಮದಡಿಯಲ್ಲಿ ಬದುಕಿ, ವಸಂತದಲ್ಲಿ ಸರ್ರನೆ ಎದ್ದು, ಕಳೆಗೆ ಬಿಸಿಲೇ ಬೀಳದಂತೆ ಮಾಡುತ್ತದೆ. ಎತ್ತರಕ್ಕೆ ಬಂದಾಗ ನಡುವೆ ಹೊಸ ಬೀಜ ಎರಚಿ, ಪೈರನ್ನು ಉರುಳೆಯಿಂದ ನೆಲಕ್ಕೆ ಮಲಗಿಸಿದರೆ ಚಾಪೆಯಂತಾಗುತ್ತದೆ. ಬೀಜ ಅದರ ಸಂದಿಯಿಂದ ಮೇಲೆ ಬರುತ್ತದೆ, ಕಳೆ ಅಡಿಯಲ್ಲೇ ಉಳಿಯುತ್ತದೆ. ಅವಳು ಹಳೆಯ ಮೋರಿ ಕೊಳವೆಯ ಎರಡೂ ಬಾಯಿ ಮುಚ್ಚಿಸಿ, ನೀರು ತುಂಬಿಸಿ, ಮೈಮೇಲೆ ಕಬ್ಬಿಣದ ಪಟ್ಟಿ ಬೆಸೆಸಿ ಉರುಳೆ ಮಾಡಿಸಿಕೊಂಡಳು. ಮೇ ತಿಂಗಳ ನಡುವಿನಲ್ಲಿ ಅದನ್ನು ಟ್ರಾಕ್ಟರಿಗೆ ಕಟ್ಟಿ ಎಳೆದಳು. ಅದು ಅವಸರವಾಯಿತು. ವಾರ ಕಳೆಯುವಷ್ಟರಲ್ಲಿ ಮಲಗಿಸಿದ ರೈ ಎದ್ದು ನಿಂತಿತು.

ಮೈಲೊ ಬೇಲಿಯ ಮೇಲೆ ಮೊಣಕೈ ಊರಿ ನೋಡಿದ. "ಲವೊನ್, ನಿನ್ನ ಪೈರು ನಿದ್ದೆ ಮುಗಿಸಿ ಎದ್ದಿದೆ. ಕಾಫಿ ಕೊಡ್ತೀಯಾ ಅದಕ್ಕೆ?"

ಹೂಬಿಟ್ಟು ಪರಾಗ ಉದುರುವವರೆಗೆ ರೈಯನ್ನು ಮುಟ್ಟಬಾರದೆಂದು ಅವಳಿಗೆ ಆಮೇಲೆ ತಿಳಿಯಿತು. ಮರುವರ್ಷ ಜೂನ್ ಹುಟ್ಟುವವರೆಗೆ ಕಾದಳು. ರೈ ಅವಳ ಭುಜದ ಮಟ್ಟ ಬಂದಿತ್ತು, ಕೈ ತಾಗಿದರೆ ಹಳದಿ ಹೊಗೆಯೇಳುತ್ತಿತ್ತು. ಬಕ್‌ವೀಟ್ ಎರಚಿ ಟ್ರಾಕ್ಟರಿಗೆ ಉರುಳೆ ಕಟ್ಟಿದಳು. ಕಾಡಂಚಿನಲ್ಲಿ ಹೆಣ್ಣು ಜಿಂಕೆಯೊಂದು ನಿಂತು ಮುಂಗಾಲು ನೆಲಕ್ಕೆ ಬಡಿಯುತ್ತಿತ್ತು. ಸದ್ದಿಗೆ ಸಿಟ್ಟಾಗಿದೆ ಎಂದುಕೊಂಡಳು. ಅರ್ಧ ತಾಕು ಮುಗಿಸಿ ತಿರುಗಿದಾಗ, ಮಲಗಿದ ರೈಯ ನಡುವೆ ಮರಿ ಕಂಡಿತು. ಹುಟ್ಟಿ ಹೆಚ್ಚು ದಿನವಾಗಿರಲಿಲ್ಲ. ಆ ವಯಸ್ಸಿನ ಮರಿ ಏನು ಬಂದರೂ ಓಡುವುದಿಲ್ಲ, ನೆಲಕ್ಕೆ ಅಂಟಿಕೊಂಡು ಮಲಗಿಬಿಡುತ್ತದೆ. ಅದು ಸತ್ತಿತ್ತು.

ಅವಳು ಟ್ರಾಕ್ಟರನ್ನು ಅಲ್ಲೇ ಬಿಟ್ಟು ನಡೆದುಕೊಂಡು ಪಕ್ಕದ ನಮ್ಮ ಮನೆಗೆ ಬಂದಳು. ಲಾರಿಯನ್ನು ಬಿಡದವಳು ಟ್ರಾಕ್ಟರು ಬಿಟ್ಟು ಬಂದದ್ದು ನನಗೆ ವಿಚಿತ್ರವೆನಿಸಿತು. ಗುದ್ದಲಿ ಕೇಳಿದಳು, ಕೊಟ್ಟೆ. ಜೊತೆಗೆ ಬರಲೇ ಎಂದದ್ದಕ್ಕೆ ಬೇಡ ಎಂದಳು. ಉಳಿದರ್ಧ ರೈ ಆ ವರ್ಷ ನಿಂತೇ ಒಣಗಿತು. ಉರುಳೆ ಹಾಯಿಸಿದ ಕಡೆ ಬಕ್‌ವೀಟ್ ಸೊಂಪಾಗಿ ಬಂತು. ಹುಡುಕಿದರೂ ಕಳೆ ಸಿಗುತ್ತಿರಲಿಲ್ಲ. ಅವಳು ಅತ್ತ ಹೋಗುತ್ತಿರಲಿಲ್ಲ.

ಚಳಿಗಾಲದಲ್ಲಿ ಮೈಲೊ ಹೇಳಿದ, "ನೋಡು, ಬೇಗ ಉರುಳಿಸಿದ್ರೆ ಪೈರು ಏಳತ್ತೆ, ತಡ ಮಾಡಿದ್ರೆ ಮರಿ ಇರತ್ತೆ. ಮತ್ತೆ ಟ್ಯಾಂಕ್ ತರ್ತೀನಿ. ಬೇರೆ ಔಷಧ ಬಂದಿದೆ."

"ಬೇಡ."

"ಮತ್ತೇನ್ ಮಾಡ್ತೀಯಾ?"

"ಮೊದ್ಲು ನಡೀತೀನಿ. ಪೂರ್ತಿ ತಾಕು. ನೀನೂ ಬಾ."

"ಆಳೆತ್ತರ ರೈಯಲ್ಲಿ? ನನ್ನ ಮಂಡಿ ನೋಡಿದೀಯಾ?"

"ನಿನ್ನ ಮಂಡಿ ಬಾರ್‌ಗೆ ನಡ್ಕೊಂಡು ಹೋಗೋದನ್ನ ದಿನಾ ನೋಡ್ತೀನಿ."

ಜೂನ್‌ನಲ್ಲಿ ಅವನು ಬಂದ. ಅವನ ಹೆಂಡತಿ ಆರ್ಡಿಸ್, ನಾನು, ನನ್ನ ಗಂಡ ಎಲ್ಲರೂ ಹೋದೆವು. ತೋಳು ಚಾಚಿದರೆ ಒಬ್ಬರಿಗೊಬ್ಬರು ತಾಗುವಷ್ಟು ಹತ್ತಿರ ಸಾಲಾಗಿ ನಿಂತು, ಪೈರನ್ನು ಕೈಯಿಂದ ಸರಿಸುತ್ತ ನಡೆದೆವು. ಪರಾಗಕ್ಕೆ ಎಲ್ಲರ ಮೂಗೂ ಸೋರುತ್ತಿತ್ತು. ಮರಿ ಸಿಕ್ಕಿದ್ದು ಮೈಲೊಗೆ. ಅವನ ಬೂಟಿನ ಪಕ್ಕದಲ್ಲೇ ಇತ್ತು. ಕಿವಿಯನ್ನೂ ಆಡಿಸಲಿಲ್ಲ, ಕಣ್ಣು ಮಾತ್ರ ತೆರೆದಿತ್ತು.

"ಇಲ್ಲಿದೆ," ಎಂದು ಅವನು ಪಿಸುಗುಟ್ಟಿದ. ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಯಾರೂ ಮುಟ್ಟಲಿಲ್ಲ. ಸುತ್ತ ಗೂಟ ನೆಟ್ಟು ಬಟ್ಟೆ ಕಟ್ಟಿದೆವು. ಲವೊನ್ ಆ ಗೂಟಗಳಿಂದ ದೂರದಲ್ಲೇ ಟ್ರಾಕ್ಟರು ತಿರುಗಿಸಿಕೊಂಡು ಉಳಿದದ್ದನ್ನೆಲ್ಲ ಮಲಗಿಸಿದಳು. ಸಂಜೆ ತಾಯಿ ಜಿಂಕೆ ಬಂದು ಮರಿಯನ್ನು ಕರೆದುಕೊಂಡು ಹೋಯಿತು. ಉರುಳೆ ಹಾಯದ ಆ ತುಣುಕಿನಲ್ಲಿ ಆಗಸ್ಟಿನ ಹೊತ್ತಿಗೆ ಕುದುರೆಬಾಲ ಕಾಡಾಗಿತ್ತು. ಮೈಲೊ ಟ್ಯಾಂಕು ತರಲು ಹೊರಟಿದ್ದ. ಅವಳು ಬಗ್ಗಿ ಬಗ್ಗಿ ಕೈಯಲ್ಲೇ ಕಿತ್ತಳು, ಚಿಕ್ಕಂದಿನಲ್ಲಿ ಅಪ್ಪನ ಹೊಗೆಸೊಪ್ಪಿನ ಸಾಲಿನಲ್ಲಿ ಕಿತ್ತ ಹಾಗೆ.

ನವೆಂಬರಿನಲ್ಲಿ ಅದೇ ತಾಕಿನ ಅಂಚಿನಿಂದ ಅವಳು ಒಂದು ಗಂಡು ಜಿಂಕೆ ಹೊಡೆದಳು. ಮಾಂಸದ ಪಾಲು ನಮ್ಮ ಮನೆಗೂ ಬಂತು.

"ಜೂನ್‌ನಲ್ಲಿ ಕಾವಲು, ನವೆಂಬರ್‌ನಲ್ಲಿ ಕೋವಿ," ಎಂದು ಮೈಲೊ ಕೆಣಕಿದ. "ಇದ್ಯಾವ ನ್ಯಾಯನೇ?"

ಲವೊನ್ ಚಾಕು ಒರೆಸುತ್ತಿದ್ದಳು. "ನವೆಂಬರ್‌ನಲ್ಲಿ ಅದು ಓಡಬಹುದು ಕಣೋ," ಎಂದಳು.

ಈಗ ಗುಡ್ಡದ ಆಚೆಯ ಇಬ್ಬರು ರೈತರೂ ರೈ ಹಾಕುತ್ತಾರೆ. ಜೂನ್ ಬಂತೆಂದರೆ ಒಬ್ಬರ ತಾಕಿನಿಂದ ಇನ್ನೊಬ್ಬರ ತಾಕಿಗೆ ಎಲ್ಲರೂ ಸೇರಿ ನಡೆಯುತ್ತೇವೆ. ಕೆಲವು ವರ್ಷ ಮರಿ ಸಿಗುತ್ತದೆ, ಕೆಲವು ವರ್ಷ ಇಲ್ಲ. ನಡೆದು ಮುಗಿದ ಮೇಲೆ ಆರ್ಡಿಸ್ ಪಿಕಪ್ಪಿನ ಹಿಂಬಾಗಿಲು ಇಳಿಸಿ, ಹ್ಯಾಮ್ ಸ್ಯಾಂಡ್‌ವಿಚ್ಚಿನ ತಟ್ಟೆ ತೆರೆಯುತ್ತಾಳೆ. ಲವೊನ್ ನಿಂತುಕೊಂಡೇ ಒಂದು ತಿಂದು ಟ್ರಾಕ್ಟರು ಹತ್ತುತ್ತಾಳೆ.