ಹನ್ನೊಂದು ಎಂದವರು ಯಾರು

ದೆವ್ವ, ಶಕುನ, ಕನಸಿನಲ್ಲಿ ಬಂದ ಸೂಚನೆ ಇವೆಲ್ಲ ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ ನನ್ನಂಥವನ ಹತ್ತಿರ ಸುಳಿಯುವ ಧೈರ್ಯ ಮಾಡಿರಲಿಲ್ಲ. ಯಾರಾದರೂ ಅಂಥ ಕಥೆ ತೆಗೆದರೆ ನಾನು ಕೇಳುತ್ತಿದ್ದ ಪ್ರಶ್ನೆಗಳು ಎರಡೇ: ಆಗ ಗಂಟೆ ಎಷ್ಟಾಗಿತ್ತು, ಜೊತೆಯಲ್ಲಿ ಯಾರಿದ್ದರು? ಬಹುಪಾಲು ದೆವ್ವಗಳು ಈ ಎರಡು ಪ್ರಶ್ನೆಗಳ ಮುಂದೆ ನಿಲ್ಲುವುದಿಲ್ಲ. ಈಗ ನಾನು ಹೇಳಹೊರಟ ಸಂಗತಿಯಲ್ಲಿ ಗಂಟೆ ಗೊತ್ತು, ಸಂಜೆ ಆರು. ಜೊತೆಯಲ್ಲಿದ್ದವರೂ ಗೊತ್ತು, ಹದಿಮೂರು ಹೆಣ್ಣುಮಕ್ಕಳು ಮತ್ತು ಒಬ್ಬ ಆಯಾ. ಇಷ್ಟಿದ್ದೂ ವಿಷಯ ಬಗೆಹರಿದಿಲ್ಲ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನಾನೇ ಇನ್ನೂ ಪೂರ್ತಿ ನಂಬಿಲ್ಲ.

ನಿವೃತ್ತನಾದ ಮೇಲೆ ಮನೆಯಲ್ಲಿ ಕೂತು ಎಲ್ಲರ ತಪ್ಪು ತಿದ್ದುತ್ತಿದ್ದ ನನ್ನನ್ನು ಮನೆಯವರೇ ಸೇರಿ ಒಂದು ಕೆಲಸಕ್ಕೆ ಹಚ್ಚಿದರು. ಕೊರಟಗೆರೆಯಿಂದ ಮಧುಗಿರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ವಸತಿ ಚಿಕಿತ್ಸಾ ಕೇಂದ್ರವಿದೆ. ಮನಸ್ಸಿನ ಕಾಯಿಲೆಯಿಂದ ನರಳುವ, ಹದಿನೈದರಿಂದ ಇಪ್ಪತ್ತೆರಡು ವಯಸ್ಸಿನೊಳಗಿನ ಮಕ್ಕಳು ಅಲ್ಲಿ ಮೂರು ತಿಂಗಳೋ ಆರು ತಿಂಗಳೋ ಇದ್ದು ಚಿಕಿತ್ಸೆ ಪಡೆಯುತ್ತಾರೆ. ಮಾತ್ರೆ, ಡಾಕ್ಟರ ಜೊತೆ ಮಾತುಕತೆ, ತರಕಾರಿ ತೋಟದಲ್ಲಿ ಕೆಲಸ, ಹೊತ್ತಿಗೆ ಸರಿಯಾಗಿ ಊಟ, ನಿದ್ದೆ. ನಾನು ಅಲ್ಲಿ ಮೇಲ್ವಿಚಾರಕ. ಸೇರಿದ್ದು ಅನುಮಾನದಿಂದಲೇ. ಇಂಥ ಕಡೆ ಕೂಡಿಹಾಕುತ್ತಾರೆ, ನಿದ್ದೆ ಮಾತ್ರೆ ಕೊಟ್ಟು ಕೆಡವುತ್ತಾರೆ ಎಂದು ಕೇಳಿದ್ದೆ. ಮೊದಲ ತಿಂಗಳೆಲ್ಲ ಯಾವ ಕೋಣೆಗೆ ಹೊರಗಿನಿಂದ ಬೀಗ ಹಾಕುತ್ತಾರೆಂದು ಪತ್ತೆ ಮಾಡುತ್ತ ತಿರುಗಿದೆ. ಔಷಧಿಯ ಕೋಣೆಗೆ ಮಾತ್ರ ಹಾಕುತ್ತಿದ್ದರು. ನನ್ನ ಅನುಮಾನ ಮೇವಿಲ್ಲದೆ ಸೊರಗಿತೇ ಹೊರತು ಸಾಯಲಿಲ್ಲ.

ಆ ಸಂಸ್ಥೆಗೆ ನನ್ನ ಅಮೂಲ್ಯ ಕೊಡುಗೆ ಎಂದರೆ ಆರು ಗಂಟೆಯ ಎಣಿಕೆ. ಮೊದಲು ಆಯಾಗಳು ಕೋಣೆ ಕೋಣೆಗೆ ಇಣುಕಿ ಲೆಕ್ಕ ಹಾಕುತ್ತಿದ್ದರು. ನಾನು ಶಾಲೆಯ ಪದ್ಧತಿ ತಂದೆ. ಹೆಣ್ಣುಮಕ್ಕಳು ಊಟದ ಹಾಲಿನ ಗೋಡೆಗುಂಟ ಸಾಲಾಗಿ ನಿಲ್ಲಬೇಕು, ಒಂದರಿಂದ ಹದಿನಾಲ್ಕರವರೆಗೆ ಒಬ್ಬೊಬ್ಬರೂ ತಮ್ಮ ಸಂಖ್ಯೆ ಕೂಗಬೇಕು, ನಾನು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರಾದ ಡಾಕ್ಟರಮ್ಮ, "ಮಕ್ಕಳಿಗೆ ಹೆಸರಿದೆಯಲ್ಲ ಸಾರ್, ನಂಬರ್ ಯಾಕೆ?" ಎಂದು ತಕರಾರು ತೆಗೆದರು. ಒಂದು ವಾರದಲ್ಲಿ ನಿಲ್ಲಿಸುವವರಿದ್ದರು. ನಿಲ್ಲಿಸದಂತೆ ಮಾಡಿದವಳು ಪದ್ಮ.

ಪದ್ಮ ಪಾವಗಡದ ಆಚೆಯ ಹಳ್ಳಿಯವಳು, ಹತ್ತೊಂಬತ್ತು ವರ್ಷ. ಬದುಕು ಬೇಡವೆಂದು ಎರಡು ಸಲ ತೀರ್ಮಾನಿಸಿ, ಎರಡು ಸಲವೂ ಮನೆಯವರ ಕೈಗೆ ಸಿಕ್ಕಿ ಉಳಿದಿದ್ದಳು. ಬಂದಾಗಿನಿಂದ ಯಾರ ಜೊತೆಗೂ ಒಂದು ಮಾತಿಲ್ಲ. ತಾಯಿ ಬಂದರೂ ಇಲ್ಲ. ಎಣಿಕೆ ಶುರುವಾದ ಐದನೆಯ ದಿನ, ಅವಳ ಸರದಿಯಲ್ಲಿ ಎಂದಿನಂತೆ ಅವಳ ಬದಲಿಗೆ ಪಕ್ಕದವಳು ಹೇಳುವ ಮೊದಲೇ, ಸಣ್ಣ ದನಿಯಲ್ಲಿ "ಹನ್ನೊಂದು" ಎಂಬುದು ಕೇಳಿಸಿತು. ಡಾಕ್ಟರಮ್ಮ ಅದನ್ನು ಫೈಲಿನಲ್ಲಿ ಬರೆದುಕೊಂಡರು. ಆಮೇಲೆ ದಿನಕ್ಕೆ ಆ ಒಂದೇ ಮಾತು. ಯಾರಾದರೂ ಅವಳತ್ತ ನೋಡಿದರೆ ಅದೂ ಇಲ್ಲ. ಹಾಗಾಗಿ ಹುಡುಗಿಯರು ತಾವಾಗಿಯೇ ಒಂದು ಮರ್ಯಾದೆಯ ರೂಢಿ ಮಾಡಿಕೊಂಡರು. ಹತ್ತು ಎಂಬುದು ಮುಗಿದ ಕೂಡಲೇ ಎಲ್ಲರೂ ನೆಲ ನೋಡುವುದು, ಹದಿನಾಲ್ಕು ಮುಗಿದು ಸಾಲು ಚದುರಿದ ಮೇಲೆ ತಲೆ ಎತ್ತುವುದು. ನಾನೂ ರಿಜಿಸ್ಟರಿನಲ್ಲಿ ಮುಖ ಹುದುಗಿಸುತ್ತಿದ್ದೆ. ನೋಡದೆ ಎಣಿಸುವ ಪದ್ಧತಿಯನ್ನು ಗಣಿತಕ್ಕೆ ಪರಿಚಯಿಸಿದವರು ಬಹುಶಃ ನಾವೇ.

ಆ ದಿನ ಮಳೆಯಿಲ್ಲ, ಮೋಡವಿಲ್ಲ, ಬೆಳಕು ಚೆನ್ನಾಗಿತ್ತು. ಎಣಿಕೆ ಆರಕ್ಕೆ ಸರಿಯಾಗಿ ಶುರುವಾಯಿತು. ಹತ್ತು ಬಂತು. ಬಾಗಿಲಲ್ಲಿದ್ದ ಆಯಾ ಸೇರಿ ಎಲ್ಲರೂ ನೆಲ ನೋಡಿದರು. "ಹನ್ನೊಂದು" ಬಂತು, ಎಂದಿನ ಸಣ್ಣ ದನಿ, ಕೊನೆಯಲ್ಲಿ ಎಂದಿನಂತೆ ಉಸಿರು ಬಿಟ್ಟ ಸದ್ದು. ಹನ್ನೆರಡು, ಹದಿಮೂರು, ಹದಿನಾಲ್ಕು. ನಾನು 'ಹದಿನಾಲ್ಕು ಹಾಜರು' ಎಂದು ಬರೆದು ಸಹಿ ಹಾಕಿ ಆಫೀಸಿಗೆ ಹೋದೆ.

ಹತ್ತು ನಿಮಿಷಕ್ಕೆ ಆಯಾ ರಂಗಮ್ಮ ಬಂದು ಬಾಗಿಲಲ್ಲಿ ನಿಂತಳು. ತೋವಿನಕೆರೆಯವಳು, ನನ್ನ ಹುದ್ದೆಯ ಬಗ್ಗೆ ಅವಳಿಗೆ ಹೇಳಿಕೊಳ್ಳುವಂಥ ಗೌರವವೇನೂ ಇರಲಿಲ್ಲ.

"ಮೇಷ್ಟ್ರೇ, ಗಂಜಿ ಕೊಟ್ಟೆ. ಒಂದ್ ಲೋಟ ಉಳೀತು."

"ಯಾರೋ ಬೇಡ ಅಂದಿರಬೇಕು."

"ಬ್ಯಾಡ ಅನ್ನಕೆ ಮನುಷ್ಯ ಇರ್ಬೇಕಲ್ಲ. ಪದ್ಮ ಇಲ್ಲ."

ನಾನು ರಿಜಿಸ್ಟರ್ ತಿರುಗಿಸಿ ತೋರಿಸಿದೆ. ಹದಿನಾಲ್ಕು, ಕೆಳಗೆ ನನ್ನ ಸಹಿ. ಅವಳು ಅದನ್ನು ನೋಡಲೂ ಇಲ್ಲ. "ನೀವು ಪುಸ್ತಕ ಇಟ್ಕಂಡು ಕುಂತ್ಕಳಿ, ನಾನು ಲೋಟ ಇಟ್ಕಂಡು ಹುಡಿಕ್ತೀನಿ" ಎಂದು ಹೊರಟೇಬಿಟ್ಟಳು. ನನ್ನ ಸಹಿಯ ಮೇಲಿನ ಅಭಿಮಾನದಿಂದ ಆ ದಿನ ನಾನು ಕಳೆದ ಐದು ನಿಮಿಷವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವಳಿರಲಿಲ್ಲ. ಕೋಣೆಯಲ್ಲಿಲ್ಲ, ಬಚ್ಚಲಲ್ಲಿಲ್ಲ. ತೋಟದ ಹಿಂದಿನ ಬೇಲಿಯಲ್ಲಿ ಒಬ್ಬರು ನುಸುಳುವಷ್ಟು ಜಾಗವಿತ್ತು, ಮುಳ್ಳಿಗೆ ಅವಳ ದುಪಟ್ಟಾದ ನೂಲು ಸಿಕ್ಕಿಕೊಂಡಿತ್ತು. ಡ್ರೈವರ್ ಜೀಪು ತೆಗೆದುಕೊಂಡು ಕೆರೆಯ ಕಡೆ ಓಡಿದ. ಡಾಕ್ಟರಮ್ಮ ಪೊಲೀಸರಿಗೆ ಫೋನ್ ಮಾಡುತ್ತ ತೋಟದ ಬಾವಿಯ ಕಡೆ ಓಡಿದರು. ನನ್ನ ಮಂಡಿ ಓಡುವ ಸ್ಥಿತಿಯಲ್ಲಿರಲಿಲ್ಲವಾದ್ದರಿಂದ ನಾನು ತನಿಖೆಗೆ ನಿಂತೆ.

ಅನುಮಾನ ಯಾರ ಮೇಲೆಂದು ಯೋಚಿಸಬೇಕಾಗಿಯೇ ಇರಲಿಲ್ಲ. ಪದ್ಮಳ ಪಕ್ಕದಲ್ಲಿ ಹನ್ನೆರಡನೆಯವಳಾಗಿ ನಿಲ್ಲುತ್ತಿದ್ದವಳು ಸಿರಾದ ಶಬಾನ, ಹಾಸಿಗೆ ಅಂಗಡಿಯವರ ಮಗಳು. ಊಟ ಬಿಟ್ಟು ಕಡ್ಡಿಯಾಗಿ ಬಂದವಳು ಅಲ್ಲಿ ಚೇತರಿಸಿಕೊಂಡು ಎಲ್ಲರ ದನಿಯನ್ನೂ ಅಣಕಿಸುವ ವಿದ್ಯೆಯಲ್ಲಿ ಹೆಸರು ಮಾಡಿದ್ದಳು. ಗೆಳತಿ ಬೇಲಿ ನುಸುಳಲು ಇವಳು ಇಲ್ಲಿ ಅವಳ ಹಾಜರಿ ಹಾಕಿದ್ದಾಳೆ. ಲೆಕ್ಕ ಸರಿಹೋಯಿತು. ಎಲ್ಲರ ಎದುರಿಗೇ ಹಾಗೆಂದು ಹೇಳಿದೆ, ಹೆಡ್‌ಮಾಸ್ತರರ ದನಿಯಲ್ಲಿ.

"ಅಲ್ಲಾ ಕಸಮ್ ಸಾರ್, ನಾನಲ್ಲ" ಎಂದಳು. "ಮಾಡಿದ್ರೆ ಮಾಡ್ದೆ ಅಂತೀನಿ. ನಿಮ್ದು ಮಾಡಿದ್ದಂತೂ ಒಪ್ಕೊಂಡಿದ್ದೆ ತಾನೆ? ಪದ್ಮಂದು ಯಾವತ್ತೂ ಮಾಡಿಲ್ಲ. ಇರೋದೇ ಒಂದ್ ಮಾತು ಅವಳ್ದು, ಅದನ್ನೂ ಕಿತ್ಕೊಳ್ಳೋದಾ?"

"ಹಾಗಾದರೆ ಹನ್ನೊಂದು ಅಂದವರು ಯಾರು?"

"ಪದ್ಮ ಅಂದ್ಲು. ಅದು ಕೇಳಿದ್ಮೇಲೇ ನಾನು ಹನ್ನೆರಡು ಅಂದಿದ್ದು."

"ಪದ್ಮ ಇರಲಿಲ್ಲವಲ್ಲ?"

"ನಾನು ನೋಡಿಲ್ಲ ಸಾರ್. ನೀವು ನೋಡಿದ್ರಾ?"

ನಾನು ನೋಡಿರಲಿಲ್ಲ. ಹತ್ತನೆಯವಳು ಹುಲಿಕುಂಟೆಯ ಭಾಗ್ಯ, ಅವಳೂ ನೋಡಿರಲಿಲ್ಲ. ದನಿ ಮಾತ್ರ ತನ್ನ ಬಲಗಿವಿಯ ಪಕ್ಕದಲ್ಲೇ ಕೇಳಿತೆಂದು ಹೇಳಿ ಅಳತೊಡಗಿದಳು. ಸಾಲಿನಲ್ಲಿ ಅವರಿಬ್ಬರ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದರಂತೆ. ಯಾಕೆ ಬಿಟ್ಟಿರಿ ಎಂದರೆ, ಪದ್ಮ ಯಾವಾಗಲೂ ಕೊನೆಯ ಗಳಿಗೆಯಲ್ಲಿ ಬಂದು ಸೇರುತ್ತಾಳೆ, ದಿನವೂ ಬಿಡುತ್ತೇವೆ ಎಂದರು. ಅದೂ ನಿಜವೇ. ನಾನು ಶಬಾನಳನ್ನು ಬಿಡಲಿಲ್ಲ. ಪದ್ಮಳಂತೆ ಹೇಳಿ ತೋರಿಸೆಂದೆ. ಅಳುತ್ತಲೇ ಹೇಳಿದಳು. ಬಾಗಿಲಲ್ಲಿದ್ದ ರಂಗಮ್ಮ, "ಅದಲ್ಲ ಬುಡಿ ಮೇಷ್ಟ್ರೇ. ಆ ಮಗೀನ ಯಾಕಿಂಗೆ ಗೋಳುಯ್ಕತೀರಾ?" ಎಂದಳು. ಅದಲ್ಲವೆಂದು ನನ್ನ ಕಿವಿಗೂ ಗೊತ್ತಾಗಿತ್ತು. ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ, ಅಷ್ಟೆ.

ಏಳಕ್ಕೆ ಕಾಲು ಗಂಟೆ ಇರುವಾಗ ಪದ್ಮ ಗೇಟಿನಲ್ಲಿ ಕಾಣಿಸಿದಳು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಬರುತ್ತಿದ್ದಳು. ಹಿಂದೆ ಹತ್ತು ಮಾರು ದೂರದಲ್ಲಿ ರಸ್ತೆಯ ಟೀ ಅಂಗಡಿಯ ಗಂಗಣ್ಣ ಮೊಪೆಡ್ ತಳ್ಳಿಕೊಂಡು, ಕಾವಲುಗಾರನಂತೆ. ಡಾಕ್ಟರಮ್ಮ ಅವಳನ್ನು ಏನೂ ಕೇಳದೆ ಒಳಗೆ ಕರೆದುಕೊಂಡು ಹೋದರು. ನನಗೆ ಗಂಗಣ್ಣ ಸಿಕ್ಕಿದ.

"ಆಗ್ಲೇ ಬಂದು ಸ್ಟಾಪಲ್ ಕುಂತಿತ್ತು ಸಾರ್ ಆ ಮಗು. ಮಧುಗಿರಿ ಬಸ್ ಬಂತು, ಕಾಲೂ ಇಕ್ತು. ಆಮೇಲೆ ಹಂಗೇ ನಿಂತ್ಕಂಡು ಹನ್ನೊಂದು ಅಂತು. ಕಂಡಕ್ಟರು, ಹೆಂಗಸ್ರಿಗೆ ಫ್ರೀ ಕಣಮ್ಮ, ಹನ್ನೊಂದ್ ಯಾಕೆ, ಹತ್ತು ಅಂದ. ಇದು ಇಳ್ದೇಬುಡ್ತು. ಬಸ್ ಹೋಯ್ತು. ಇದು ಈ ಕಡೀಕ್ ತಿರುಗ್ತು. ನಂಗ್ಯಾಕೋ ಒಂಟಿಯಾಗ್ ಬುಡಕೆ ಮನಸ್ಸಾಗ್ಲಿಲ್ಲ, ಬಂದ್ಬುಟ್ಟೆ."

ಯಾವ ಬಸ್ಸು ಎಂದೆ. ಆರು ಗಂಟೆಯದು. ತಡವಾಗಿ ಬಂದಿರಬೇಕು ಎಂದೆ. ಇಲ್ಲ, ಇವತ್ತೇನೋ ಸರಿಯಾಗಿ ಬಂತು, ರೇಡಿಯೋದಲ್ಲಿ ಆರು ಹೊಡೆಯುತ್ತಿತ್ತು ಎಂದ. ಆ ರಸ್ತೆಯಲ್ಲಿ ಬಸ್ಸು ವೇಳೆಗೆ ಸರಿಯಾಗಿ ಬಂದದ್ದನ್ನೇ ನಾನು ಪ್ರತ್ಯೇಕ ಪವಾಡವೆಂದು ಗಣಿಸುತ್ತೇನೆ. ಸ್ಟಾಪು ನಮ್ಮ ಹಾಲಿನಿಂದ ಒಂದೂವರೆ ಕಿಲೋಮೀಟರ್. ಮಧುಗಿರಿಗೆ ಅವಳು ಹೊರಟಿದ್ದು ಬೆಟ್ಟಕ್ಕೆ, ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ಆ ರಾತ್ರಿಯೇ ಅವಳು ಡಾಕ್ಟರಮ್ಮನಿಗೆ ಹೇಳಿದಳಂತೆ. ಒಂದೇ ಸಂಖ್ಯೆಯ ಆಚೆಗೆ ಅವಳು ಆಡಿದ ಮೊದಲ ಮಾತುಗಳು ಅವು.

ಆಮೇಲಿನ ವಾರಗಳಲ್ಲಿ ನಾನು ಸಂಶಯಿಸದ ಪ್ರಾಣಿಯಿಲ್ಲ. ಗಂಗಣ್ಣ ಕಥೆ ಕಟ್ಟಿದನೆಂದು ಆ ಕಂಡಕ್ಟರನನ್ನು ಹುಡುಕಿ ಕೇಳಿದೆ. ಅವನೂ ಅದನ್ನೇ ಹೇಳಿದ. ಡಾಕ್ಟರಮ್ಮ ತಾಳ್ಮೆಯಿಂದ ವಿವರಿಸಿದರು. ದಿನವೂ ಕೇಳುವ ದನಿಯನ್ನು, ನೋಡದೆ ಕಾಯುತ್ತ ನಿಂತವರ ಕಿವಿ ತಾನೇ ತುಂಬಿಕೊಳ್ಳಬಹುದು. ದಿನವೂ ಆರು ಗಂಟೆಗೆ ಹೇಳುವ ಮಾತು ಎಲ್ಲಿದ್ದರೂ ಬಾಯಿಗೆ ಬರಬಹುದು. ಎರಡನ್ನೂ ಒಪ್ಪಿಕೊಂಡೆ. ಒಂದೊಂದಾಗಿ ತೆಗೆದುಕೊಂಡರೆ ಎರಡೂ ಸರಿ. ಕೂಡಿಸಿದರೆ ಮಾತ್ರ ಏನೋ ಉಳಿಯುತ್ತದೆ. ಶಬಾನಳ ಕ್ಷಮೆಯನ್ನೂ ಕೇಳಿದೆ, ಆದಷ್ಟು ಮೆಲ್ಲಗೆ. "ಜೋರಾಗಿ ಹೇಳಿ ಸಾರ್, ಬೈದಿದ್ದು ಎಲ್ರಿಗೂ ಕೇಳಿಸ್ತಲ್ಲ" ಎಂದಳು. ಎಲ್ಲರ ಎದುರು ಜೋರಾಗಿ ಹೇಳಿದೆ.

ಐದು ತಿಂಗಳ ಮೇಲೆ ಪದ್ಮ ಮನೆಗೆ ಹೊರಟಳು. ಆ ವೇಳೆಗೆ ಮಾತಾಡುತ್ತಿದ್ದಳು, ಸ್ವಲ್ಪ ನಗುತ್ತಲೂ ಇದ್ದಳು. ತಾಯಿ ಒಳಗೆ ಮಾತ್ರೆಗಳ ವಿವರ ಕೇಳಿಕೊಳ್ಳುತ್ತಿದ್ದಾಗ ಅವಳು ಆಫೀಸಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಕೇಳಬಾರದೆಂದು ಡಾಕ್ಟರಮ್ಮ ಹೇಳಿರಲಿಲ್ಲ, ಕೇಳಬಹುದೆಂದೂ ಹೇಳಿರಲಿಲ್ಲ. ಬಸ್ಸಿನಲ್ಲಿ ಹಾಗೆ ಯಾಕೆಂದೆ ಎಂದು ಕೇಳಿದೆ.

"ಏಮೋ ಸಾರ್, ಗೊತ್ತಿಲ್ಲ" ಎಂದಳು. ಆಮೇಲೆ ತಾನೇ ಹೇಳಿದಳು: "ಭಾಗ್ಯಕ್ಕ ಹತ್ತು ಅಂದ್ಳು. ಸೀನು ಬಂತು ಅಂತ ಇನ್ನೊಂದ್ ಸಲ ಅಂದ್ಳು. ನಂದೇ ಸರದಿ ಅಲ್ವಾ ಸಾರ್, ಅಂದೆ."

ಭಾಗ್ಯ ಆ ದಿನ ಸೀನಿದ್ದು ನಿಜ. ನನಗೂ ಆಗಲೇ ನೆನಪಾಯಿತು. ಭಾಗ್ಯಳೇ ಇವಳಿಗೆ ಹೇಳಿರಬಹುದಲ್ಲ ಎಂಬ ಯೋಚನೆಯೂ ಜೊತೆಯಲ್ಲೇ ಬಂತು. ಅದು ನನ್ನ ಸ್ವಭಾವ.

"ಸರಿಯಮ್ಮ, ಅಂದೆ. ಇಳಿದು ವಾಪಸು ಯಾಕೆ ಬಂದೆ?"

ಅವಳು ಇಷ್ಟು ಸುಲಭದ ಪ್ರಶ್ನೆಯೇ ಎಂಬಂತೆ ನೋಡಿದಳು. "ಇದೀನಿ ಅಂತ ಹೇಳ್ಬುಟ್ಟಿದ್ನಲ್ಲ ಸಾರ್. ನೀವು ಬರ್ಕೊಂಡ್ಬುಟ್ಟಿರ್ತೀರ. ಹೇಳಿದ್ ಮ್ಯಾಲೆ ಬರ್ದೆ ಹೆಂಗಿರೋದು?"

ಅಷ್ಟರಲ್ಲಿ ತಾಯಿ ಬಂದರು, ಆಟೋ ಬಂತು, ಅವರು ಹೋದರು. ಅವಳು ಬೇಲಿ ನುಸುಳಿದ ದಿನದ ಹಾಜರಿಯನ್ನು ಹದಿಮೂರು ಎಂದು ತಿದ್ದಿ ಸಹಿ ಹಾಕಬೇಕೆಂದು ಡಾಕ್ಟರಮ್ಮ ಆಗಲೇ ಹೇಳಿದ್ದರು. ಎರಡು ಸಲ ಕೆಂಪು ಪೆನ್ನು ತೆಗೆದುಕೊಂಡು ಕೂತಿದ್ದೇನೆ. ಆರು ಗಂಟೆಗೆ ಅವಳು ಅಲ್ಲಿರಲಿಲ್ಲವೆಂದು ಬರೆಯುವಷ್ಟು ಖಾತ್ರಿ ನನಗೆ ಇವತ್ತಿಗೂ ಬಂದಿಲ್ಲ.