ಹಸಿ ಬೇವಿನ ಪೆಟ್ಟಿಗೆ

ಕಳೆದ ವಾರ ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೊರಟ ಎಸ್‌ಟಿ ಬಸ್ಸಿನಲ್ಲಿ ಮಳೆಗೆ ತೊಯ್ದ ಕಂಬಳಿ ಹೊದ್ದ ಮುದುಕರೊಬ್ಬರು ನನ್ನ ಪಕ್ಕ ಬಂದು ಕೂತರು. ಒದ್ದೆ ಉಣ್ಣೆಯ ವಾಸನೆ... ಅದರಲ್ಲಿ ಕುರಿ, ಹೊಗೆ, ಸ್ವಲ್ಪ ಅರಿಶಿನ. ವಳಸಂಗ ದಾಟುವವರೆಗೆ ನಾನು ಕಿಟಕಿಯಾಚೆಯೇ ನೋಡುತ್ತಿದ್ದೆ. ತಿರುಗಿದರೆ ಪಕ್ಕದಲ್ಲಿ ಮುತ್ಯಾ ಕೂತಿರುತ್ತಾನೆ ಅನ್ನಿಸಿತ್ತು. ದೆವ್ವ-ಭೂತ ನಂಬುವವಳಲ್ಲ ನಾನು. ನಂಬದವಳಾದರೆ ಒಮ್ಮೆ ತಿರುಗಿ ನೋಡಬಹುದಿತ್ತಲ್ಲ? ನೋಡಲಿಲ್ಲ.

ಮುತ್ಯಾ ನನ್ನ ಸ್ವಂತ ಅಜ್ಜನಲ್ಲ. ಚಪಳಗಾಂವದಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವನು. ಕುರಿ ಕಾಯ್ದು ಬಾಳಿದವನು, ಅಕ್ಷರ ಕಲಿತಿರಲಿಲ್ಲ. ವರ್ಷಕ್ಕೊಮ್ಮೆ ಕುರುಬರ ದೇವರು ಬೀರೋಬಾನ ಗುಡಿಯ ಮುಂದೆ ಅವನ ಮೈಮೇಲೆ ದೇವರು ಬರುತ್ತಿತ್ತು. ಮಳೆ-ಬೆಳೆಯ ಹೇಳಿಕೆ ಅವನ ಬಾಯಿಂದಲೇ ಆಗಬೇಕು. ಮನೆಯಲ್ಲಿ ಅವನದು ತೆಳ್ಳಗಿನ, ಕೆಮ್ಮು ಬೆರೆತ ದನಿ. ಗುಡಿಯ ಮುಂದೆ ಮಾತ್ರ ಬೇರೆಯೇ ದನಿ, ಹಾಳು ಬಾವಿಯ ತಳದಿಂದ ಎದ್ದು ಬಂದ ಹಾಗೆ. ಹೇಳಿಕೆ ಮುಗಿದ ಮೇಲೆ ಭಂಡಾರ, ಅಂದರೆ ದೇವರ ಅರಿಶಿನ, ಕಲಸಿದ ನೀರಿನಿಂದ ಮೂರು ಸಲ ಬಾಯಿ ಮುಕ್ಕಳಿಸಿಯೇ ಅವನು ತನ್ನ ಹೊಸ್ತಿಲು ದಾಟುತ್ತಿದ್ದ. ಆ ದನಿ ಮನೆಯೊಳಗೆ ಬರಕೂಡದು. ಅದರಲ್ಲಿ ನೀರು ಕೇಳಬಾರದು, ರೊಟ್ಟಿ ಕೇಳಬಾರದು. ಅವರ ಮನೆತನದ ಕಟ್ಟು ಅದು.

ಸೊಲ್ಲಾಪುರದ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳನ್ನು ಗೆದ್ದದ್ದೆಲ್ಲ ಮರಾಠಿಯಲ್ಲಿ. ಕನ್ನಡದಲ್ಲಿ ವಾದ ಮಾಡಿದ್ದು ಮುತ್ಯಾನ ಕಟ್ಟೆಯ ಮೇಲೆ ಮಾತ್ರ.

"ಮುತ್ಯಾ, ಆ ದನಿ ನಿಂದ ಐತಿ. ಗಂಟಲಾ ಬಿಗಿಹಿಡದ್ರ ಯಾರ ದನಿ ಆದ್ರೂ ಹಂಗ ಬರತೈತಿ."

"ಬಂದಳ ನೋಡ್ರೆಪಾ ವಕೀಲಬಾಯಿ! ನಂದ ಇದ್ರ ನಾ ಬೇಕಂದಾಗ ಬರಬೇಕಲ್ಲ? ನಿನಗ ಸೀನ ಬೇಕಂದಾಗ ಬರತೈತೇನ?"

"ಬರೂದಿಲ್ಲ ಖರೆ. ಆದ್ರ ಬಂದಾಗ ಮೂಗ ನಂದ ಇರತೈತಿ."

ಅವನು ಕೆಮ್ಮು ಬರುವ ತನಕ ನಕ್ಕ. ನಾನು ಅಷ್ಟಕ್ಕೆ ಬಿಡುವವಳೇ? ಆ ವರ್ಷ ಗುಡಿಯ ಕಟ್ಟೆಯ ಮೇಲೆ ಫೋನು ಇಟ್ಟು ಇಡೀ ಹೇಳಿಕೆಯನ್ನು ದಾಖಲಿಸಿಕೊಂಡೆ. ಮನೆಯ ದನಿಯ ಜೊತೆ ಹೋಲಿಸಿ, ಎರಡೂ ಒಂದೇ ಗಂಟಲಿನವು ಎಂದು ತೋರಿಸುವ ಹಟ. ಮನೆಯ ದನಿಯೂ ಮೊದಲು ನನ್ನ ಬಳಿ ಇತ್ತು. ನನ್ನ ಭಾಷಣದ ತಾಲೀಮಿನ ಹಿಂದೆ ಅವನ ಕೆಮ್ಮು, "ಸಾಕ ಮಾಡವಾ, ಕುರಿ ಬೆದರ್ತಾವ" ಎಂಬ ಗೊಣಗಾಟ... ಫೋನಿನಲ್ಲಿ ಜಾಗ ಸಾಲದೆಂದು, ಬೇಕಾದಾಗ ಮತ್ತೆ ಸಿಕ್ಕೀತೆಂದು, ಅದನ್ನು ಅಳಿಸಿಹಾಕಿದ್ದೆ.

ಮರುವರ್ಷ ಅವನ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಸೊಲ್ಲಾಪುರದಲ್ಲಿ ಆಪರೇಶನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು. ಉಸಿರಾಟ ಕತ್ತಿನ ತೂತಿನಿಂದ. ಅಲ್ಲಿ ಕಫ ಕಟ್ಟಿದರೆ ಯಾರಾದರೂ ಓಡಿ ಬಂದು ತೆಗೆಯಬೇಕು, ತಡವಾದರೆ ಮುಗಿಯಿತು. ಮನೆಯಲ್ಲಿ ಇದ್ದವಳು ಸೊಸೆಯೊಬ್ಬಳೇ. ಚಿಕ್ಕಮ್ಮನಂಥವಳು, ನಾನು ಅವಳನ್ನು ಕಾಕು ಅನ್ನುತ್ತೇನೆ. ಕುರಿಯ ಕೊರಳಿನದೊಂದು ಗಂಟೆಯನ್ನು ಅವಳು ಅವನು ಮಲಗುವ ಹೊರಸಿಗೆ ಕಟ್ಟಿದ್ದಳು. ಗಂಟೆ ಬಡಿದರೆ ಅವಳು ಓಡಿ ಬರುತ್ತಿದ್ದಳು. ಆದರೆ ನೀರೋ, ನೋವೋ, ಉಸಿರೋ, ತಿಳಿಯುವುದು ಹೇಗೆ? ಸನ್ನೆ ಅರ್ಥವಾಗದೆ ಇಬ್ಬರೂ ಅಳುತ್ತಿದ್ದರು.

ನನಗೆ ಉಪಾಯ ಹೊಳೆಯಿತು. ಸೊಲ್ಲಾಪುರದ ಗುಜರಿ ಅಂಗಡಿಯೊಂದರಲ್ಲಿ ಹಳೆಯ ಕಾಲದ ದಪ್ಪ ಕಂಪ್ಯೂಟರ್ ಕೀಬೋರ್ಡು ಸಿಕ್ಕಿತು. ಅದರ ಗುಂಡಿಗಳನ್ನು ಒಂದೊಂದಾಗಿ ಕಳಚಿ, ಎಂಟು ಒಳ್ಳೆಯವನ್ನು ಆರಿಸಿಕೊಂಡೆ. ಒಂದು ಗುಂಡಿಗೆ ಒಂದು ಮಾತು. ಒತ್ತಿದರೆ ಪುಟ್ಟ ಸ್ಪೀಕರಿನಿಂದ ಅದು ಕೇಳಬೇಕು. ಅಕ್ಷರ ಬಾರದ ಅವನಿಗೆ ಕುರಿಗಳಿಗೆ ಹಾಕುವ ಗುರುತುಗಳು ಗೊತ್ತು: ಕೆಂಪು ಚುಕ್ಕೆ, ನೀಲಿ ಗೆರೆ, ಇಂಥವು. ಅವನ್ನೇ ಗುಂಡಿಗಳ ಮೇಲೆ ಬರೆದೆ. ಕೆಂಪು ಚುಕ್ಕೆ ಅಂದರೆ 'ಬಾ'.

ಇಷ್ಟನ್ನೂ ಕೂಡಿಸಲು ಹೊಂದುವ ಪೆಟ್ಟಿಗೆ ಪೇಟೆಯಲ್ಲಿ ಸಿಗುವುದಿಲ್ಲ. ಅಕ್ಕಲಕೋಟೆಯ ಬಡಿಗನೊಬ್ಬನ ಬಳಿ ಹೋದೆ. ಅವನು ಬೇವಿನ ಹಲಗೆಯನ್ನು ಕೈಯಲ್ಲಿ ತೂಗಿ ನೋಡಿ ಕೆಳಗಿಟ್ಟ.

"ಹಸಿ ಐತಿ ತಂಗಿ. ಎರಡ ತಿಂಗಳಾ ನೆರಳಾಗ ಒಣಗಲಿ. ಇಲ್ಲಾಂದ್ರ ಕಟಗಿ ತಿರುಚತೈತಿ."

"ಎರಡ ತಿಂಗಳಾ ಆ ಮುದುಕಪ್ಪ ಮೂಕ ಕೂಡಬೇಕೇನ?"

"ನಿನ್ನ ಕೂಡ ಮಾತಾಡೂದ ಮುಗ್ಯಾಂಗಿಲ್ಲ," ಎಂದು ಅವನು ಉಳಿ ಎತ್ತಿಕೊಂಡ. ಎಂಟು ತೂತು, ಒಂದೊಂದೂ ಗುಂಡಿಗಿಂತ ಕೂದಲೆಳೆ ಅಗಲ. ನಾಲ್ಕೇ ದಿನಕ್ಕೆ ಪೆಟ್ಟಿಗೆ ಸಿದ್ಧವಾಯಿತು.

ಇನ್ನು ದನಿ. ನನ್ನ ಬಳಿ ಉಳಿದಿದ್ದದ್ದು ಹೇಳಿಕೆಯ ದನಿ ಒಂದೇ. ಅದರಿಂದಲೇ ಕತ್ತರಿಸಿದೆ: 'ನೀರು', 'ಸಾಕು', 'ಬಾ'... ಬೇರೆ ಯಾರ ದನಿಯಲ್ಲೋ ಮಾತಾಡುವುದಕ್ಕಿಂತ ಅವನದೇ ಇರಲಿ ಎಂಬುದು ನಾನು ನನಗೆ ಕೊಟ್ಟುಕೊಂಡ ಕಾರಣ. ಅದರ ಕೆಳಗೆ ಇನ್ನೊಂದು ಕಾರಣವೂ ಇತ್ತು. ನಾನು ಗೆಲ್ಲಬೇಕಿತ್ತು.

ಹೊರಸಿನ ಪಕ್ಕ ಸ್ಟೂಲಿನ ಮೇಲೆ ಪೆಟ್ಟಿಗೆ ಇಟ್ಟು, ಅವನ ಬೆರಳು ಹಿಡಿದು ಕೆಂಪು ಚುಕ್ಕೆಯ ಮೇಲೆ ಒತ್ತಿದೆ.

"ಬಾ!"

ಆ ತಗ್ಗು ಸೂರಿನ ಕೋಣೆಯಲ್ಲಿ, ಹಗಲಿನಲ್ಲಿ, ಆ ದನಿ. ಹಿತ್ತಲಿನ ಆಡುಗಳು ಮೇಯುವುದನ್ನು ನಿಲ್ಲಿಸಿದವು. ಮುತ್ಯಾ ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡ. ಮೊದಲು ನನ್ನನ್ನು ನೋಡಿದ, ಆಮೇಲೆ ಹೊಸ್ತಿಲನ್ನು ನೋಡಿದ. ಹೊರಗೆ ಒಯ್ಯಿ ಎಂದು ಬೆರಳು ಮಾಡಿ ತೋರಿಸಿದ.

"ಈಗರೆ ಒಪ್ಕೋ ಮುತ್ಯಾ. ಕೇಳಿಲ್ಲ? ದನಿ ನಿಂದ ಐತಿ."

ಅವನು ಬಾಯಿ ತೆರೆದ. ಕತ್ತಿನ ತೂತಿನಿಂದ ಬರೀ ಗಾಳಿ ಬಂತು.

ಅರ್ಥವಾಗಿರಲಿಲ್ಲ ಅಂತಲ್ಲ. ಅರ್ಥವಾಗಿತ್ತು. ರೂಢಿಯಾದರೆ ಸರಿಹೋಗುತ್ತದೆ ಅಂದುಕೊಂಡೆ. ಅಷ್ಟಕ್ಕೇ ನಿಲ್ಲಲಿಲ್ಲ, ಕಾಕುಗೆ ಹೇಳಿ ಗಂಟೆಯನ್ನೂ ಬಿಚ್ಚಿಸಿದೆ. "ಎರಡೂ ಇದ್ರ ಅಂವ ಪೆಟ್ಟಿಗಿ ಮುಟ್ಟೂದಿಲ್ಲ ಕಾಕು."

ಅವನು ಮುಟ್ಟಲೇ ಇಲ್ಲ. ಮರುದಿನವೇ ಪೆಟ್ಟಿಗೆಯನ್ನು ಎದುರು ಗೋಡೆಯ ಗೂಡಿನಂಥ ಮಾಡದಲ್ಲಿ, ದೇವರ ಪಕ್ಕ ಇಡಿಸಿ ಅದಕ್ಕೆ ಭಂಡಾರ ಹಚ್ಚಿಸಿದ್ದನಂತೆ. ಹೊರಸಿನಿಂದ ನಾಲ್ಕು ಹೆಜ್ಜೆ. ನಾನು ಸೊಲ್ಲಾಪುರಕ್ಕೆ ಮರಳಿದ್ದೆ. ಎರಡು ವಾರಕ್ಕೆ ಕಾಕುವಿನ ಫೋನು ಬಂತು.

"ಏ ಬಾಯಿ, ಪೆಟ್ಟಿಗಿ ತಾನ ಒದರಾಕತ್ತೈತಿ. ಬಾ ಅಂತೈತಿ. ಓಡಿ ಬಂದ್ರ ಮಾವ ಹೊರಸಿನ ಮ್ಯಾಲೆ ಕೈ ಮುಗದ ಕುಂತಿರ್ತಾನ. ದಿನಾ ಮಧ್ಯಾಹ್ನ. ಎದಿ ಹಾರತೈತಿ ನಂದು."

ಬಡಿಗ ಹೇಳಿದ್ದೇ ಆಗಿತ್ತು. ಹಸಿ ಹಲಗೆ ಒಣಗುತ್ತ ತಿರುಚಿಕೊಂಡು ತೂತಿನ ಅಂಚು ಗುಂಡಿಯನ್ನು ಕಚ್ಚಿ ಒಳಗೆ ಒತ್ತುತ್ತಿತ್ತು. ಬಿಸಿಲು ಏರಿದಾಗಲೇ ಯಾಕೆ ಎಂಬುದಕ್ಕೂ ಅದೇ ಉತ್ತರ. ಭಾನುವಾರ ಹೋಗಿ ತೂತುಗಳನ್ನು ಅರದಿಂದ ಉಜ್ಜಿ ದೊಡ್ಡದು ಮಾಡಿದೆ. ಪೋಸ್ಟ್‌ಕಾರ್ಡನ್ನು ಪ್ರತಿ ಗುಂಡಿಯ ಸುತ್ತಲಿನ ಸಂದಿಯಲ್ಲಿ ಆಡಿಸಿ ಕಾಕುಗೆ ತೋರಿಸಿದೆ.

"ಮತ್ತ ಒದರಿದ್ರ?"

"ಪೂರಾ ಒಣಗೂತನಕ ಒಂದೆರಡ ಸಲಾ ಒದರಬಹುದು. ಲಕ್ಷ್ಯ ಕೊಡಬ್ಯಾಡ. ಅದು ಬೇವು, ಬೀರೋಬಾ ಅಲ್ಲ."

ಮುತ್ಯಾ ನನ್ನನ್ನೇ ನೋಡುತ್ತಿದ್ದ. ಹೊರಡುವಾಗ ನನ್ನ ಕೈ ಹಿಡಿದು ತುಂಬ ಹೊತ್ತು ಬಿಡಲಿಲ್ಲ...

ಬುಧವಾರ ಮಧ್ಯಾಹ್ನ ಕಾಕು ರೊಟ್ಟಿ ಬಡಿಯುತ್ತಿದ್ದಳು. ಒಳಗಿನಿಂದ 'ಬಾ' ಅಂದಿತು. ಕೈ ನಿಲ್ಲಿಸಿ ಕೇಳಿದಳು. ನನ್ನ ಮಾತು ನೆನಪಾಗಿ ಮತ್ತೆ ಬಡಿಯತೊಡಗಿದಳು. ಇನ್ನೊಮ್ಮೆ ಅಂದಿತು. ಮತ್ತೊಮ್ಮೆ. ಹಂಚಿನ ಮೇಲಿನ ರೊಟ್ಟಿ ತಿರುವಿ, ಬೇಯಿಸಿ, ತೆಗೆದಿಟ್ಟು ಎದ್ದು ಹೋದಳು. ಮುತ್ಯಾ ಗೋಡೆಗೆ ಒರಗಿ ಕೂತಿದ್ದ, ಎರಡೂ ಕೈ ಕಂಬಳಿಯೊಳಗೆ. ಕತ್ತಿನ ತೂತು ಕಟ್ಟಿಕೊಂಡಿತ್ತು, ಉಸಿರು ನಿಂತಿತ್ತು. ಪೆಟ್ಟಿಗೆ ಮಾಡದಲ್ಲಿತ್ತು.

ಮರುದಿನ ಅವನ ಮಣ್ಣಿಗೆ ಬಂದ ನಾನು, ಎಲ್ಲರೂ ಹೊರಗಿದ್ದಾಗ ಆ ಮಾಡದ ಮುಂದೆ ನಿಂತು ಮತ್ತೆ ಪೋಸ್ಟ್‌ಕಾರ್ಡು ತೂರಿಸಿದೆ. ಕೆಂಪು ಚುಕ್ಕೆಯ ಸುತ್ತ ಎಲ್ಲೂ ತಡೆಯದೆ ಓಡಾಡಿತು. ಮುಚ್ಚಳ ಬಿಚ್ಚಿ ತಂತಿಗಳನ್ನು ನೋಡಿದೆ. ಒಂದೂ ಬಿಟ್ಟಿರಲಿಲ್ಲ, ಒಂದೂ ಇನ್ನೊಂದಕ್ಕೆ ತಾಗಿರಲಿಲ್ಲ. ಗುಂಡಿಯ ಮೇಲೆ ಅರಿಶಿನವಿತ್ತು. ಆದರೆ ಪೆಟ್ಟಿಗೆಯ ತುಂಬ ಅರಿಶಿನವಿತ್ತು, ಅದು ಯಾವ ಸಾಕ್ಷಿ? ಉಸಿರು ಕಟ್ಟಿದವನು ನಾಲ್ಕು ಹೆಜ್ಜೆ ನಡೆದು, ಮನೆತನದ ಕಟ್ಟು ಮುರಿದು, ಮೂರು ಸಲ ಒತ್ತಿ, ಮರಳಿ ಬಂದು ಕಂಬಳಿಯೊಳಗೆ ಕೈ ಸೇರಿಸಿ ಕೂತನೇ? ಆಗದೆಂದು ಹೇಳಲಾರೆ. ಅದನ್ನು ಬಿಟ್ಟರೆ ಉಳಿಯುವ ಇನ್ನೊಂದು ಉತ್ತರವನ್ನು ನಾನು ಇವತ್ತಿಗೂ ಬಾಯಿಬಿಟ್ಟು ಆಡಿಲ್ಲ. ಪೆಟ್ಟಿಗೆಯಿಂದ ಸೆಲ್ಲು ಕಿತ್ತೆ.

ಕಳೆದ ವಾರ ಬಸ್ಸಿಳಿದು ಕಾಕುವಿನ ಮನೆಗೆ ಹೋದಾಗ ಮಧ್ಯಾಹ್ನವಾಗಿತ್ತು. ನೀರು ಕೊಟ್ಟು ಎದುರಿಗೆ ಕೂತಳು. ಪ್ರತಿ ಸಲ ಕೇಳುವುದನ್ನೇ ಕೇಳಿದಳು.

"ನೀ ಕಲತಾಕಿ. ಖರೆ ಹೇಳ. ಅವತ್ತ ಒದರಿದ್ದು ಏನ ಅದು?"

"ಕಟಗಿ ತಿರುಚಿತ್ತು ಕಾಕು."

"ತಗದ ನೋಡಿದೆಲ್ಲ ನೀ?"

"ನೋಡೀನಿ. ಗುಂಡಿ ಕಚ್ಚಿ ಹಿಡದಿತ್ತು."

"ಹಂಗಾದ್ರ ಮಾವ ಕರೀಲಿಲ್ಲ."

"ಇಲ್ಲ. ಯಾರೂ ಕರೀಲಿಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಹೇಳಿದ ಸುಳ್ಳುಗಳಲ್ಲಿ ಇಷ್ಟು ಚೆನ್ನಾಗಿ ಹೇಳಿದ್ದು ಬೇರೆ ಇಲ್ಲ. ಮುಂದಿನ ಸಲವೂ ಇದನ್ನೇ ಹೇಳುತ್ತೇನೆ. ಅವಳು ನಂಬುತ್ತಾಳೋ ಇಲ್ಲವೋ ತಿಳಿಯದು. ಆದರೆ ಈಗ ಅವಳು ರೊಟ್ಟಿಯನ್ನೆಲ್ಲ ಬೆಳಗಿನಲ್ಲೇ ಬಡಿದು ಮುಗಿಸುತ್ತಾಳೆ. ಬಿಸಿಲು ಏರುವ ಹೊತ್ತಿಗೆ ಕೈಯಲ್ಲಿ ಯಾವ ಕೆಲಸವನ್ನೂ ಇಟ್ಟುಕೊಳ್ಳದೆ, ಹೊಸ್ತಿಲ ಮೇಲೆ ಒಳಮುಖವಾಗಿ ಕೂತು, ಆ ಖಾಲಿ ಕೋಣೆಯ ಕಡೆಗೆ ಕಿವಿ ಇಟ್ಟಿರುತ್ತಾಳೆ.