ಕೂಸಿಗೆ ಎರೆಯುವ ಯಮನವ್ವನ ಕಿವಿ

ಪುಣೆಯ ಧನಕವಡಿ ಓಣಿಗಳಲ್ಲಿ ಮೂವತ್ತು ವರ್ಷ ಕೂಸುಗಳಿಗೆ ನೀರು ಎರೆದವಳು ಯಮನವ್ವ. ಗಂಡ ಅಂಬಾರಾಯನ ಬೆನ್ನು ಹತ್ತಿ ಯಾದಗಿರಿ ಕಡೆಯಿಂದ ಪುಣೆಗೆ ಕಲ್ಲು ಮಣ್ಣು ಹೊರಲು ಬಂದವಳು. ಕೂಸು ಎರೆಯುವ ಕೈಗುಣ ಕಂಡು ಅಲ್ಲಿ ನೆಲೆಸಿದ್ದ ಧಾರವಾಡದ ಕಡೆಯವರು ಒಬ್ಬರ ಹಿಂದೊಬ್ಬರು ಬಾಣಂತಿ ಮನೆಗೆ ಕರೆದರು. ಗಂಡ ತೀರಿಕೊಂಡ ಮೇಲೂ ಒಲೆ ಆರದಂತೆ ನೋಡಿಕೊಂಡದ್ದು ಅದೇ ಕೆಲಸ.

ಆಗಿನ ಬಚ್ಚಲು ಇನ್ನೂ ಅವಳ ಕಣ್ಣಿಗೆ ಕಟ್ಟಿದಂತಿದೆ. ತಾಮ್ರದ ಹಂಡೆ, ಹೊಗೆ, ಕಡಲೆಹಿಟ್ಟಿನ ವಾಸನೆ. ಕಾಲು ಚಾಚಿ ಕೂತು ಕೂಸನ್ನು ಬೋರಲು ಹಾಕಿಕೊಂಡರೆ ಅದರ ಮುಖ ಕಾಣುವುದಿಲ್ಲ. ಉಸಿರು ಕೇಳಿಯೇ ಎರೆಯಬೇಕು. ಮೂಗಿಗೆ ನೀರು ಹೊಕ್ಕ ಉಸಿರು ಬೇರೆ, ಹಟದ ಅಳು ಬೇರೆ. ಕಡೆಗೆ ಎರಡೂ ಕಿವಿಗೆ ಬಳ್ಳೊಳ್ಳಿ ಹಾಕಿ ಕಾಸಿದ ಎಣ್ಣೆ. ಅತ್ತೆ ಕಲಿಸಿದ್ದು. ತನ್ನ ಕಿವಿಗೂ ಅದೇ ಎಣ್ಣೆ, ಮೇಲೆ ಸಂಜೆ ಹೊಸ್ತಿಲಲ್ಲಿ ಕೂತು ತಲೆಪಿನ್ನಿನಿಂದ ಕೆರೆದುಕೊಳ್ಳುವ ಸುಖ.

ಹಾಗೆ ಕರೆದವರಲ್ಲಿ ಒಬ್ಬಳಾದ ಇಂದೂಬಾಯಿಯ ಮಗಳು ಶರ್ವರಿ ಹುಟ್ಟಿದಾಗಲೂ ಎರೆದವಳು ಅವಳೇ. ಈ ವರ್ಷ ಶರ್ವರಿಗೇ ಹೆಣ್ಣು ಕೂಸಾಯಿತು. ಒಂದು ಬೆಳಿಗ್ಗೆ ನೀರು ಹೊಯ್ಯುವಾಗ ಕೂಸಿಗೆ ಉಸಿರು ಸಿಕ್ಕಿಕೊಂಡಿತು. ಯಮನವ್ವನ ಕೈ ತಂಬಿಗೆ ಎತ್ತುತ್ತಲೇ ಇತ್ತು. ಶರ್ವರಿ ಚೀರಿ ಕೂಸನ್ನು ಕಸಿದುಕೊಂಡಳು. ದೇವರು ದೊಡ್ಡವನು, ಏನೂ ಆಗಲಿಲ್ಲ.

“ಅಜ್ಜಿ, ನಿಮಗ ಕೇಳಸಲಿಲ್ಲೇನು? ನಾಳಿಂದ ಬರಬ್ಯಾಡ್ರಿ.”

ಯಮನವ್ವ ತಂಬಿಗೆ ಕೆಳಗಿಟ್ಟಳು. ಮಳೆಗಾಲದಿಂದ ಎರಡೂ ಕಿವಿ ಮುಚ್ಚಿದಂತಿದ್ದವು. ಹೇಳಿದರೆ ಕೂಸು ಯಾರು ಕೊಡುತ್ತಾರೆಂದು ಬಾಯಿ ಬಿಟ್ಟಿರಲಿಲ್ಲ.

“ಮೊದಲ ಕಿವಿ ತೋರಸೂಣು, ನಡಿ,” ಎಂದು ಇಂದೂಬಾಯಿ ರಿಕ್ಷಾ ಹತ್ತಿಸಿದಳು.

ಶಿವಾಜಿನಗರದ ಡಾಕ್ಟರಮ್ಮ ಸಣ್ಣ ಕ್ಯಾಮೆರಾ ಇಟ್ಟು ಪರದೆಯಲ್ಲಿ ತೋರಿಸಿದಳು: ಇಂಚಿನಷ್ಟುದ್ದದ ಓಣಿ, ಅದರ ಒಳಗೆ ಕರ್ರಗೆ ಗಟ್ಟಿಯಾದ ಗುಗ್ಗೆ. ಅವಳ ಮರಾಠಿಯನ್ನು ಇಂದೂಬಾಯಿ ಕನ್ನಡಕ್ಕಿಳಿಸಿದಳು.

“ಕಿವಿ ತನ್ನ ಕಸ ತಾನ ಗುಡಸ್ತದಂತ. ಒಳಗಿನ ತೊಗಲು ಚೂರುಚೂರ ಹೊರಗ ಸರಕೋತ, ಧೂಳು ಗುಗ್ಗಿ ಹೊತಗೊಂಡು ಬರ್ತದ. ನೀ ಪಿನ್ನಿನಿಂದ ತಿರುಗಿ ಒಳಗ ದಬ್ಬೀದಿ.”

“ಸ್ವಚ್ಛ ಮಾಡಾಕತ್ತೀನಿ ಅಂತ ತಿಳದಿದ್ದೆರೀ, ಬಾಯಾರ!”

“ಬಾಗಲತನಾ ಬಂದ ಕಸಾನ ನಡಮನಿಗೆ ಗುಡಿಸೀದಿ.”

ಕೂಸಿನ ಕಿವಿಗೂ ಎಣ್ಣೆ ಬೇಡ, ಹೊರಗಿನ ಹಾಲೆ ಒರೆಸಿದರೆ ಸಾಕು ಎಂದಳು ಡಾಕ್ಟರಮ್ಮ. ಸೋರುವ ಕಿವಿಗೆ ಎಣ್ಣೆ ಬಿದ್ದರಂತೂ ಕೇಡು. ಯಮನವ್ವನಿಗೆ ಇದು ಪಿನ್ನಿನ ಮಾತಿಗಿಂತ ಆಳಕ್ಕೆ ಚುಚ್ಚಿತು. ಎಷ್ಟು ಕೂಸುಗಳ ಕಿವಿ!

ನಾಲ್ಕು ದಿನ ಹನಿ ಹಾಕಿ ಐದನೆಯ ದಿನ ಗುಗ್ಗೆ ತೆಗೆದರು. ಮೆಟ್ಟಿಲಿಳಿಯುವಾಗ ಅವಳಿಗೆ ಮೊದಲು ಕೇಳಿದ್ದು ತನ್ನ ಬಳೆ. ದುಡಿದು ದಣಿದು ಕಣ್ಣು ಮುಚ್ಚಿರುತ್ತಿದ್ದ ಅಂಬಾರಾಯ ಇದೇ ಸಪ್ಪಳಕ್ಕೆ “ಬಂದಿಯೇನ?” ಅನ್ನುತ್ತಿದ್ದ. ಅಲ್ಲೇ ಕಟ್ಟೆ ಹಿಡಿದು ಕೂತಳು.

ಮರುದಿನ ಬೆಳಿಗ್ಗೆ ಶರ್ವರಿಯ ಬಾಗಿಲಲ್ಲಿ ನಿಂತು ಅಂದಳು: “ತಂಗೀ, ನೀ ಕೂಸಿದ್ದಾಗ ನಿನ್ನ ಕಿವಿಗೂ ದಿನಾ ಎಣ್ಣಿ ಸುರುವೀನವ್ವಾ. ತಪ್ಪಾತು.”

“ಅದಕ್ಕ ಅವ್ವನ ಮಾತು ನನಗ ಕೇಳಸೂದಿಲ್ಲ,” ಎಂದು ಶರ್ವರಿ ನಕ್ಕಳು. ಆದರೆ ಕೂಸನ್ನು ಎದೆಯಿಂದ ಬಿಡಲಿಲ್ಲ.

ಯಮನವ್ವ ಬಚ್ಚಲಲ್ಲಿ ಕಾಲು ಚಾಚಿದಳು. “ಕೊಡು. ನೀನೂ ಇಲ್ಲೇ ಮಗ್ಗಲಿಗೆ ಕುಂದ್ರು. ಕೂಸಿನ ಉಸುರು ಹ್ಯಾಂಗ ಕೇಳಬೇಕು, ಕಲಸ್ತೀನಿ.”

ಶರ್ವರಿ ಸೀರೆ ನೆರಿಗೆ ಎತ್ತಿ ಒದ್ದೆ ನೆಲದ ಮೇಲೆ ಕೂತಳು.